‘ಹದಿನೇಳೆಂಟು’: ನಮ್ಮ ವಯಸ್ಸಿನ ಸಿನಿಮಾ

ಕನ್ನಡದಲ್ಲಿ ಕಾಲೇಜು ಸಿನಿಮಾಗಳಿಗೆ ಬರವಿಲ್ಲ. ಆದರೆ ಆ ಕಾಲೇಜುಗಳಲ್ಲಿ ಹೀರೊಗೆ ಮೂವತ್ತು ದಾಟಿರುತ್ತದೆ, ಅಟೆಂಡೆನ್ಸ್ ಶಾರ್ಟೇಜ್ ಯಾರಿಗೂ ಇರುವುದಿಲ್ಲ, ಇಂಟರ್ನಲ್ಸ್ ನಡೆಯುವುದೇ ಇಲ್ಲ. ಪಿಯುಸಿ ಓದುವವರನ್ನು ಪಿಯುಸಿ ಓದುವವರ ಹಾಗೆಯೇ ತೋರಿಸಿದ ಸಿನಿಮಾಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಅದರ ಹೆಸರು ‘ಹದಿನೇಳೆಂಟು’. ಹದಿನೇಳು ಮತ್ತು ಹದಿನೆಂಟು ಸೇರಿ ಆದ ಪದ. ನನಗೀಗ ಹದಿನೇಳು. ನಮ್ಮ ಸೆಕೆಂಡ್ ಪಿಯುಸಿ ಕಾಮರ್ಸ್ ತರಗತಿಯಲ್ಲಿ ಅರ್ಧ ಜನ ಹದಿನೇಳು, ಉಳಿದವರು ಹದಿನೆಂಟು ತುಂಬಿದವರು ಇಲ್ಲವೇ ತುಂಬಲಿರುವವರು. ಹಾಗಾಗಿ ಇದು ನಮ್ಮ ತರಗತಿಯ ಹೆಸರೇ ಎಂದರೂ ನಡೆದೀತು.

ವಿಷಯ ಸ್ವಲ್ಪ ನಾಜೂಕಿನದು. ಮನೆಯಲ್ಲಿ ಅಬ್ಬಾ ಅಮ್ಮಿ ಪಕ್ಕದಲ್ಲಿ ಕುಳಿತಿರುವಾಗ ಓದಲು ಮುಜುಗರವಾಗುವಂಥ ಮಾತು ಇಲ್ಲಿ ಇಲ್ಲ. ನಿಜ ಹೇಳಬೇಕೆಂದರೆ, ಅವರ ಜೊತೆ ಕುಳಿತು ಓದಲಿ ಎಂದೇ ಬರೆಯುತ್ತಿದ್ದೇನೆ.

ಕಥೆ ಏನು?

ಹರಿ ಮತ್ತು ದೀಪಾ ಬೆಂಗಳೂರಿನ ಒಂದು ಪಿಯು ಕಾಲೇಜಿನ ವಿದ್ಯಾರ್ಥಿಗಳು. ಕಾಲೇಜು ಮುಗಿದ ಮೇಲೆ ಖಾಲಿ ತರಗತಿಯಲ್ಲಿ ಇಬ್ಬರೂ ತಮ್ಮ ಖಾಸಗಿ ಕ್ಷಣವೊಂದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆ ವಿಡಿಯೊ ಹೇಗೋ ಇಂಟರ್‌ನೆಟ್ಟಿಗೆ ಹೋಗಿಬಿಡುತ್ತದೆ. ಅಲ್ಲಿಂದಾಚೆಗೆ ಸಿನಿಮಾ ಆ ಇಬ್ಬರು ಮಾಡಿದ್ದನ್ನು ಬಿಟ್ಟು, ದೊಡ್ಡವರು ಏನು ಮಾಡುತ್ತಾರೆ ಎನ್ನುವುದರ ಹಿಂದೆ ಹೋಗುತ್ತದೆ. ಪ್ರಿನ್ಸಿಪಾಲರ ಕೋಣೆ, ಉಪನ್ಯಾಸಕರ ಚರ್ಚೆ, ಅಮಾನತು, ಆಡಳಿತ ಮಂಡಳಿ, ತಂದೆ ತಾಯಿಯರನ್ನು ಕರೆಸುವುದು, ಆಮೇಲೆ ಕಾನೂನು. ಎರಡು ಮನೆಗಳ ನೆಮ್ಮದಿ ಏಕಕಾಲಕ್ಕೆ ಕದಡುತ್ತದೆ. ಇಬ್ಬರ ಜಾತಿ ಬೇರೆ, ಅಂತಸ್ತು ಬೇರೆ. ಹರಿಯ ಮನೆಯವರು ಮೇಲ್ಜಾತಿಯವರು. ದೀಪಾಳ ಮನೆಯವರು ಅಲ್ಲ. ಮೊದಮೊದಲು ಯಾರೂ ಆ ಮಾತು ಎತ್ತುವುದಿಲ್ಲ. ಕೊನೆಗೆ ಅದನ್ನು ಬಿಟ್ಟು ಮಾತಾಡಲಾಗುವುದಿಲ್ಲ.

ಮುಂದೇನಾಯಿತು ಎಂದು ನಾನು ಬರೆಯುವುದಿಲ್ಲ. ನೋಡಿ.

ದೀಪಾಳಂಥ ಹುಡುಗಿಯನ್ನು ಜನ ‘ಮಾತು ಕೇಳದವಳು’ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ‘ಜಿದ್ದಿ’. ಹರಿಯಂಥ ಹುಡುಗನಿಗೆ ಹೀಗೆ ಒಂದೇ ಪದದ ಹೆಸರು ಯಾವ ಭಾಷೆಯಲ್ಲಿದೆ ಎಂದು ಹುಡುಕಿದೆ. ‘ಹುಡುಗ, ವಯಸ್ಸು, ಹಾಗೇ’ ಎಂದು ಮೂರು ಪದ ಸಿಕ್ಕಿತು.

ಯಾರು ಮಾಡಿದ್ದು?

ನಿರ್ದೇಶಕರು ಪೃಥ್ವಿ ಕೊಣನೂರು. ಅವರ ಹಿಂದಿನ ಎರಡು ಸಿನಿಮಾಗಳ ಹೆಸರು ಗೊತ್ತಿದ್ದರೆ ಇದು ಅರ್ಥವಾಗಲು ಸುಲಭ. ‘ರೈಲ್ವೆ ಚಿಲ್ಡ್ರನ್’ (2016) ಮನೆ ಬಿಟ್ಟು ಓಡಿಬಂದು ರೈಲು ನಿಲ್ದಾಣದಲ್ಲಿ ಬದುಕುವ ಹುಡುಗರ ಕಥೆ. ಅದರಲ್ಲಿ ನಟಿಸಿದ ಮನೋಹರ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ‘ಪಿಂಕಿ ಎಲ್ಲಿ?’ (2020) ಬೆಂಗಳೂರಿನಲ್ಲಿ ಕಾಣೆಯಾಗುವ ಹಸುಗೂಸಿನ ಕಥೆ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳಬೇಕಾದವಳು ಅದನ್ನು ಭಿಕ್ಷೆ ಬೇಡುವವರಿಗೆ ಬಾಡಿಗೆಗೆ ಕೊಡುತ್ತಿರುತ್ತಾಳೆ. ಮೂರನೆಯದು ‘ಹದಿನೇಳೆಂಟು’. ಕೂಸು, ಹುಡುಗ, ಹದಿಹರೆಯದವರು ಎಂದು ಮೂರು ವಯಸ್ಸು, ಆದರೆ ಪ್ರಶ್ನೆ ಒಂದೇ: ಮಕ್ಕಳು ಕೈತಪ್ಪಿದಾಗ ಅವರ ಸುತ್ತಲಿನ ದೊಡ್ಡವರು ಎಲ್ಲಿದ್ದರು?

ದೀಪಾ ಪಾತ್ರದಲ್ಲಿ ಶೆರ್ಲಿನ್ ಭೋಸಲೆ, ಹರಿಯ ಪಾತ್ರದಲ್ಲಿ ನೀರಜ್ ಮ್ಯಾಥ್ಯೂ ನಟಿಸಿದ್ದಾರೆ. ಇಬ್ಬರೂ ನಮ್ಮ ಬಸ್ ಸ್ಟಾಪಿನಲ್ಲಿ ನಿಂತಿರಬಹುದಾದವರ ಹಾಗೆ ಕಾಣುತ್ತಾರೆ. ಡ್ಯುಯೆಟ್ ಇಲ್ಲ, ಫೈಟ್ ಇಲ್ಲ. ಮುಖ್ಯವಾಗಿ ವಿಲನ್ ಇಲ್ಲ. ಪ್ರತಿಯೊಬ್ಬರಿಗೂ ಅವರದೇ ಕಾರಣವಿದೆ. ಕಾಲೇಜಿಗೆ ಹೆಸರಿನ ಚಿಂತೆ, ತಾಯಿ ತಂದೆಗೆ ಮರ್ಯಾದೆಯ ಚಿಂತೆ. ಒಬ್ಬರನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಆಗುವುದಿಲ್ಲ. ಅದಕ್ಕೇ ಸಿನಿಮಾ ಮುಗಿದ ಮೇಲೂ ತಲೆಯಲ್ಲಿ ಉಳಿಯುತ್ತದೆ.

ಸ್ವತಂತ್ರ ಸಿನಿಮಾ ಎಂದರೆ?

ಇಂಥವನ್ನು ಸ್ವತಂತ್ರ ಸಿನಿಮಾ, ಇಂಡಿಪೆಂಡೆಂಟ್ ಸಿನಿಮಾ ಎನ್ನುತ್ತಾರೆ. ಕಾಮರ್ಸ್ ವಿದ್ಯಾರ್ಥಿಯಾಗಿ ಅದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದೊಡ್ಡ ಸಿನಿಮಾದಲ್ಲಿ ಬಂಡವಾಳ ಸ್ಟಾರ್‌ನ ಹೆಸರಿನ ಮೇಲೆ ಬರುತ್ತದೆ. ಬಿಡುಗಡೆಗೆ ಮೊದಲೇ ಹಾಡಿನ ಹಕ್ಕು, ಟಿವಿ ಹಕ್ಕು ಮಾರಾಟವಾಗಿ ರಿಸ್ಕ್ ಕಡಿಮೆಯಾಗುತ್ತದೆ. ಸ್ವತಂತ್ರ ಸಿನಿಮಾಗೆ ಇದ್ಯಾವುದೂ ಇಲ್ಲ. ಕೈಯಿಂದ ಹಾಕಿದ ದುಡ್ಡು, ಸಣ್ಣ ತಂಡ, ಕಡಿಮೆ ದಿನದ ಶೂಟಿಂಗ್. ಜಾಹೀರಾತಿಗೆ ಹಣವಿಲ್ಲದ ಕಾರಣ ಚಿತ್ರೋತ್ಸವಗಳೇ ಅದರ ಜಾಹೀರಾತು.

‘ಹದಿನೇಳೆಂಟು’ ಮೊದಲು ಪ್ರದರ್ಶನಗೊಂಡಿದ್ದು 2022ರ ಅಕ್ಟೋಬರ್‌ನಲ್ಲಿ, ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ. ಮರು ತಿಂಗಳೇ ಗೋವಾದಲ್ಲಿ ನಡೆದ 53ನೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೆ ಇದೇ ಉದ್ಘಾಟನಾ ಚಿತ್ರವಾಯಿತು. ದೇಶದ ಎಲ್ಲ ಭಾಷೆಗಳ ನಡುವೆ ಕನ್ನಡದ್ದೊಂದು ಮೊದಲು ನಿಂತಿತು. ಆದರೆ ನಮ್ಮ ಊರಿನ ಥಿಯೇಟರಿಗೆ ಬರುವಷ್ಟರಲ್ಲಿ 2024ರ ಜನವರಿ ಆಗಿತ್ತು. ಬೂಸಾನ್‌ಗೆ ತಲುಪಿದ್ದು ಬೇಗ, ಬೆಂಗಳೂರಿಗೆ ತಲುಪಿದ್ದು ತಡ. ಜನ ಬಂದರೆ ಶೋ ಹೆಚ್ಚಿಸುತ್ತೇವೆ ಎನ್ನುತ್ತಾರೆ ಥಿಯೇಟರಿನವರು. ಶೋ ಇದ್ದರೆ ತಾನೇ ಬರುವುದು ಎನ್ನುತ್ತಾರೆ ಜನ. ಬೇಡಿಕೆ ಪೂರೈಕೆಯ ಪಾಠದಲ್ಲಿ ಈ ಜಗಳಕ್ಕೆ ಗ್ರಾಫ್ ಇಲ್ಲ.

ಇದು ಹೊಸ ಕಥೆಯೇನಲ್ಲ

ಒಬ್ಬ ಹುಡುಗಿಯನ್ನು ಮಧ್ಯೆ ನಿಲ್ಲಿಸಿ ದೊಡ್ಡವರೆಲ್ಲ ತೀರ್ಪು ಕೊಡುವ ಕಥೆ ಕನ್ನಡ ಸಿನಿಮಾಗೆ ಹೊಸದಲ್ಲ. ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ‘ಘಟಶ್ರಾದ್ಧ’ (1977) ಮಾಡಿದರು. ಅದರಲ್ಲಿ ಯಮುನಾ ಎಂಬ ಎಳೆಯ ವಿಧವೆ ಗರ್ಭಿಣಿಯಾದಾಗ ಅಗ್ರಹಾರ ಸೇರಿ ತೀರ್ಪು ಕೊಡುತ್ತದೆ. ತಂದೆಯೇ ಜೀವಂತ ಮಗಳ ಶ್ರಾದ್ಧ ಮಾಡಿ ಅವಳನ್ನು ಹೊರಗೆ ಹಾಕುತ್ತಾನೆ. ಆ ಸಿನಿಮಾಗೆ ಸ್ವರ್ಣಕಮಲ ಬಂತು. ಕಾಸರವಳ್ಳಿಯವರದೇ ‘ಹಸೀನಾ’ (2004) ನಮ್ಮ ಸಮುದಾಯದ ಕಥೆ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಅದಕ್ಕೆ ಆಧಾರ. ಗಂಡ ಬಿಟ್ಟುಹೋದ ಹಸೀನಾ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಆ ಕಥೆಯ ಅನುವಾದವೂ ಇದೆ.

ಅಗ್ರಹಾರ, ಜಮಾತ್, ಈಗ ಕಾಲೇಜಿನ ಆಡಳಿತ ಮಂಡಳಿ. ಸುಮಾರು 45 ವರ್ಷಗಳಲ್ಲಿ ಕುಳಿತುಕೊಳ್ಳುವ ಜಾಗ ಬದಲಾಗಿದೆ. ಜಮಖಾನೆ ಹೋಗಿ ಮೇಜು ಕುರ್ಚಿ ಬಂದಿದೆ. ಯಾವ ಧರ್ಮವೂ ಯಾವ ಜಾತಿಯೂ ‘ಇದು ಅವರ ಕಥೆ, ನಮ್ಮದಲ್ಲ’ ಎನ್ನುವ ಹಾಗಿಲ್ಲ. ಅದಕ್ಕಾಗಿಯೇ ಈ ಮೂರನ್ನೂ ಒಟ್ಟಿಗೆ ಹೇಳಿದೆ.

ಮೈನರ್‌ಗೆ ನಷ್ಟ ಎಷ್ಟು?

ಕಳೆದ ವರ್ಷ ಬಿಸಿನೆಸ್ ಸ್ಟಡೀಸ್‌ನಲ್ಲಿ ಪಾಲುದಾರಿಕೆಯ ಪಾಠ ಓದಿದ್ದು ನಿಮಗೆ ನೆನಪಿರಬಹುದು. ಹದಿನೆಂಟು ತುಂಬದವರು ಪಾಲುದಾರರಾಗುವಂತಿಲ್ಲ, ಏಕೆಂದರೆ ಅವರು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಆದರೆ ಉಳಿದವರೆಲ್ಲ ಒಪ್ಪಿದರೆ ಮೈನರ್ ಒಬ್ಬರನ್ನು ಲಾಭದ ಪಾಲಿಗೆ ಸೇರಿಸಿಕೊಳ್ಳಬಹುದು. ಸಂಸ್ಥೆ ಮುಳುಗಿದರೆ ಅವರ ಪಾಲು ಹೋಗಬಹುದು, ಆದರೆ ಅವರ ಸ್ವಂತ ಆಸ್ತಿಗೆ ಯಾರೂ ಕೈಹಾಕುವಂತಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 30ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ವ್ಯಾಪಾರದ ಕಾನೂನಿಗೂ ಇಷ್ಟು ಕರುಣೆ ಇದೆ. ಚಿಕ್ಕವರು ತಪ್ಪು ಲೆಕ್ಕ ಹಾಕುತ್ತಾರೆ, ಆ ತಪ್ಪಿಗೆ ಅವರ ಇಡೀ ಬದುಕು ಜಪ್ತಿಯಾಗಬಾರದು.

ಸಿನಿಮಾ ನೋಡುವಾಗ ನನಗೆ ಹೊಳೆದದ್ದು ಈ ಪಾಠವೇ. ದುಡ್ಡಿನ ವಿಷಯದಲ್ಲಿ ನಮ್ಮನ್ನು ಕಾಪಾಡುವ ನಿಯಮ ಮರ್ಯಾದೆಯ ವಿಷಯಕ್ಕೆ ಬಂದಾಗ ಮಾಯವಾಗುತ್ತದೆ. ಅಲ್ಲಿ ಮೈನರ್‌ಗೇ ಪೂರ್ತಿ ನಷ್ಟ. ಇನ್ನೊಂದು ಮಾತು: ಅಕೌಂಟೆನ್ಸಿಯಲ್ಲಿ ಒಂದು ವ್ಯವಹಾರಕ್ಕೆ ಎರಡು ಕಡೆ ನಮೂದು ಬೇಕು. ಇಬ್ಬರು ಸೇರಿ ಮಾಡಿದ ತಪ್ಪನ್ನು ಒಬ್ಬಳ ಹೆಸರಿನ ಖಾತೆಗೆ ಮಾತ್ರ ಬರೆದರೆ ಆ ಲೆಕ್ಕ ಟ್ಯಾಲಿ ಆಗುವುದಿಲ್ಲ.

ನಮ್ಮ ಬೀದಿಯಲ್ಲೇ ಒಂದು ಸಂಗತಿ ನಡೆಯಿತು. ಒಬ್ಬ ಹುಡುಗಿ ಸ್ಕೂಲಿನ ಬೀಳ್ಕೊಡುಗೆ ದಿನ ಗೆಳೆಯ ಗೆಳತಿಯರ ಜೊತೆ ತೆಗೆಸಿಕೊಂಡ ಫೋಟೊ ಅದು. ಎಂಟು ಜನ ಸಾಲಾಗಿ ನಿಂತಿದ್ದರು. ಯಾರೋ ಅದರಲ್ಲಿ ಅವಳನ್ನೂ ಪಕ್ಕದ ಹುಡುಗನನ್ನೂ ಮಾತ್ರ ಕತ್ತರಿಸಿ, ಹಿಂದೆ ಒಂದು ಹಾಡು ಹಾಕಿ ಸ್ಟೇಟಸ್ ಮಾಡಿದರು. ಎರಡು ದಿನದಲ್ಲಿ ಅದು ಅವಳ ಚಾಚಾನ ಫೋನಿಗೆ ಬಂತು. ಟ್ಯೂಷನ್ ನಿಂತಿತು, ಫೋನ್ ಹೋಯಿತು, ಕಾಲೇಜಿಗೆ ಸೇರಿಸುವುದೋ ಬೇಡವೋ ಎಂದು ಮನೆಯಲ್ಲಿ ಮೂರು ವಾರ ಮಾತು ನಡೆಯಿತು. ಆ ಹುಡುಗ ಮರುದಿನವೂ ಗಲ್ಲಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಅವನದೂ ತಪ್ಪಿರಲಿಲ್ಲ, ಆಡಲಿ. ಆದರೆ ಅವಳದೂ ತಪ್ಪಿರಲಿಲ್ಲ. ‘ಲೋಗಾಂ ಕ್ಯಾ ಬೋಲಿಂಗೆ’, ಜನ ಏನನ್ನುತ್ತಾರೆ ಎಂಬ ಒಂದೇ ಪ್ರಶ್ನೆ ಮೂರು ವಾರ ಆ ಮನೆಯನ್ನು ನಡೆಸಿತು.

ಫೋನೇ ಒಂದು ಕೋಣೆ

ಮಕ್ಕಳಿಗೆ ಫೋನ್ ಕೊಟ್ಟಿದ್ದೇ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯ ಮನೆಗಳನ್ನು ನೋಡಿ ಆ ಮಾತು ಹೇಳಬೇಕು. ಪೀಣ್ಯದ ಸುತ್ತಮುತ್ತ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳ ಮನೆ ಎಂದರೆ ಸಾಮಾನ್ಯವಾಗಿ ಒಂದು ಹಾಲ್, ಒಂದು ರೂಮ್, ಅಡುಗೆಗೆ ಒಂದು ಮೂಲೆ. ಅಬ್ಬಾ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗಿರುತ್ತಾರೆ. ನಾವು ಪಿಸುಮಾತಿನಲ್ಲಿ ಓದುತ್ತೇವೆ. ಇಂಥ ಮನೆಯಲ್ಲಿ ಹದಿನೇಳು ವಯಸ್ಸಿನವರಿಗೆ ಸ್ವಂತದ್ದೆಂದು ಇರುವ ಜಾಗ ಅಂಗೈಯಗಲದ ಆ ಪರದೆ ಒಂದೇ. ಅದರೊಳಗೆ ನಾವು ಗೆಳತಿಯರ ಜೊತೆ ನಗುತ್ತೇವೆ, ಅಳುತ್ತೇವೆ, ನೋಟ್ಸ್ ಕಳಿಸುತ್ತೇವೆ. ತೊಂದರೆಯೆಂದರೆ, ಆ ಕೋಣೆಗೆ ಬಾಗಿಲಿದೆ ಎಂದು ನಾವು ನಂಬಿದ್ದೇವೆ. ಇಲ್ಲ. ಒಮ್ಮೆ ರೆಕಾರ್ಡ್ ಆದದ್ದು ಗ್ಯಾಲರಿಯಲ್ಲಿ, ಬ್ಯಾಕಪ್‌ನಲ್ಲಿ, ಇನ್ನೊಬ್ಬರ ಫೋನಿನಲ್ಲಿ ಉಳಿಯುತ್ತದೆ. ಸಿನಿಮಾದ ಇಬ್ಬರೂ ಆ ಬಾಗಿಲನ್ನು ನಂಬಿದವರೇ.

ಮನೆಗಳ ನಡುವಿನ ಅಂತರವೂ ಇಲ್ಲಿ ಮುಖ್ಯ. ಕಾಲೇಜಿಗೆ ಕರೆಸಿದಾಗ ಒಬ್ಬ ತಂದೆಗೆ ಯಾರಿಗೆ ಫೋನ್ ಮಾಡಬೇಕು, ಯಾವ ದನಿಯಲ್ಲಿ ಮಾತಾಡಬೇಕು ಎಂದು ಗೊತ್ತಿರುತ್ತದೆ. ಇನ್ನೊಬ್ಬರು ಅರ್ಧ ದಿನದ ಸಂಬಳ ಕಳೆದುಕೊಂಡು ಬಂದು, ಕುರ್ಚಿ ಇದ್ದರೂ ನಿಂತೇ ಇರುತ್ತಾರೆ. ಒಂದೇ ನಿಯಮ ಇಬ್ಬರಿಗೂ ಅನ್ವಯಿಸುತ್ತದೆ, ಆದರೆ ಒಂದೇ ತೂಕದಲ್ಲಿ ಬೀಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಇದನ್ನು ತಿಳಿದಿರುವುದು ಒಳ್ಳೆಯದು.

ಹದಿನೆಂಟು ತುಂಬದ ಎಲ್ಲರೂ ಕಾನೂನಿನ ಕಣ್ಣಿನಲ್ಲಿ ಮಕ್ಕಳು. 2012ರ ಪೋಕ್ಸೊ ಕಾಯ್ದೆ ಹುಡುಗ, ಹುಡುಗಿ ಇಬ್ಬರಿಗೂ ರಕ್ಷಣೆ ಕೊಡುತ್ತದೆ. ‘ಅವಳೇ ಒಪ್ಪಿದ್ದಳು’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅದೇ ಕಾರಣಕ್ಕೆ ಹದಿನೇಳರ ಹುಡುಗನೂ ಪ್ರಕರಣದಲ್ಲಿ ಸಿಲುಕಬಹುದು. ಹಾಗಾದಾಗ ಅವನ ವಿಚಾರಣೆ 2015ರ ಬಾಲನ್ಯಾಯ ಕಾಯ್ದೆಯಡಿ ನಡೆಯುತ್ತದೆ. ಹದಿನೇಳು ಮತ್ತು ಹದಿನೆಂಟರ ನಡುವೆ ಇರುವುದು ಒಂದು ಹುಟ್ಟುಹಬ್ಬ. ಕಾನೂನಿನಲ್ಲಿ ಅದು ದೊಡ್ಡ ಗೋಡೆ. ಸಿನಿಮಾದ ಹೆಸರು ಆ ಗೋಡೆಯ ಮೇಲೆಯೇ ನಿಂತಿದೆ.

ಮಕ್ಕಳ ಇಂಥ ದೃಶ್ಯಗಳನ್ನು ಆನ್‌ಲೈನ್‌ನಲ್ಲಿ ಹಾಕುವುದು, ಹಂಚುವುದು, ಹುಡುಕಿ ನೋಡುವುದು, ಇಳಿಸಿಕೊಳ್ಳುವುದು ಎಲ್ಲವೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ‘ನಾನು ಮಾಡಿದ್ದಲ್ಲ, ಗ್ರೂಪಿಗೆ ಬಂದಿತ್ತು, ಫಾರ್ವರ್ಡ್ ಮಾಡಿದೆ ಅಷ್ಟೇ’ ಎನ್ನುವುದು ಉತ್ತರವಾಗುವುದಿಲ್ಲ. ‘ನೋಡಿ, ಎಂಥ ಕಾಲ ಬಂತು’ ಎಂದು ಬುದ್ಧಿವಾದದ ಜೊತೆ ಕಳಿಸಿದರೂ ಅಷ್ಟೇ.

ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಮಾಧ್ಯಮ ಬಹಿರಂಗಪಡಿಸುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅಷ್ಟು ಹಿರಿಯರೊಬ್ಬರು ಹೋರಾಡಿ ಗಳಿಸಿದ ಹಕ್ಕು ಹದಿನೇಳರ ನಮಗೂ ಸೇರಿದ್ದು.

ಯಾರಾದರೂ ಇಂಥದ್ದರಲ್ಲಿ ಸಿಕ್ಕಿಬಿದ್ದರೆ ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧ ಸಹಾಯವಾಣಿ 1930. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ. ಬೆದರಿಕೆಯ ಮೆಸೇಜನ್ನು ಅಳಿಸದೆ ಇಟ್ಟುಕೊಂಡು ನಂಬುವ ದೊಡ್ಡವರೊಬ್ಬರಿಗೆ ಅಂದೇ ತಿಳಿಸಿ.

ಆ ದೊಡ್ಡವರು ಯಾರು?

ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಇದೇ. ನಂಬರ್‌ಗಳು ಎಲ್ಲ ಗೋಡೆಗಳ ಮೇಲೂ ಇವೆ. ಆದರೆ ಹೆದರಿದ ಹುಡುಗಿ ಮೊದಲು ನಂಬರ್ ಹುಡುಕುವುದಿಲ್ಲ, ಮುಖ ಹುಡುಕುತ್ತಾಳೆ. ‘ಹೇಳಿದರೆ ಓದು ನಿಲ್ಲಿಸುತ್ತಾರೆ’ ಎಂಬ ಭಯ ಇರುವ ಮನೆಯಲ್ಲಿ ಅವಳು ಅಮ್ಮಿಗೆ ಹೇಳುವುದಿಲ್ಲ. ‘ಹೇಳಿದರೆ ಟಿ.ಸಿ. ಕೊಡುತ್ತಾರೆ’ ಎಂಬ ಭಯ ಇರುವ ಕಾಲೇಜಿನಲ್ಲಿ ಮೇಡಂಗೂ ಹೇಳುವುದಿಲ್ಲ. ಉಳಿಯುವುದು ಬೆದರಿಸುವವನ ಇನ್‌ಬಾಕ್ಸ್ ಒಂದೇ. ಶಿಕ್ಷೆ ಕಠಿಣವಾದಷ್ಟೂ ಮಕ್ಕಳು ಸರಿಹೋಗುತ್ತಾರೆ ಎಂದು ದೊಡ್ಡವರು ತಿಳಿದಿದ್ದಾರೆ. ನನಗೆ ಗೊತ್ತಿರುವ ಮಟ್ಟಿಗೆ, ಶಿಕ್ಷೆ ಕಠಿಣವಾದಷ್ಟೂ ಮಕ್ಕಳು ಮುಚ್ಚಿಡುವುದನ್ನು ಚೆನ್ನಾಗಿ ಕಲಿಯುತ್ತಾರೆ.

ತಪ್ಪು ಮಾಡಿದರೆ ಏನೂ ಆಗಬಾರದು ಎಂದು ನಾನು ಹೇಳುತ್ತಿಲ್ಲ. ಕಾಲೇಜಿಗೆ ಶಿಸ್ತು ಬೇಕು, ಮನೆಗೆ ಹದ್ದು ಬೇಕು. ನಮ್ಮ ನಾನಿ ಹೇಳುವ ಒಂದು ಮಾತಿದೆ: ಇನ್ನೊಬ್ಬರ ಐಬು ಕಂಡರೆ ಅದರ ಮೇಲೆ ಚಾದರ ಹೊದಿಸು, ಬಾವುಟ ಮಾಡಿ ಹಾರಿಸಬೇಡ. ತಿದ್ದುವುದು ಬೇರೆ, ಬೀದಿಗೆ ತರುವುದು ಬೇರೆ. ತಿದ್ದಲು ಮಗು ಮನೆಯೊಳಗೆ, ತರಗತಿಯೊಳಗೆ ಇರಬೇಕಲ್ಲವೇ? ಹೊರಗೆ ಹಾಕಿದ ಮೇಲೆ ಯಾರನ್ನು ತಿದ್ದುವುದು?

ಅದಕ್ಕೆ ನನ್ನದೊಂದು ವಿನಂತಿ. ಪರೀಕ್ಷೆಗೆ ಮುಂಚೆ ಒಂದು ಶನಿವಾರ ಈ ಸಿನಿಮಾವನ್ನು ಅನುಮತಿ ಪಡೆದು ನಮ್ಮ ಸಭಾಂಗಣದಲ್ಲಿ ತೋರಿಸಿ. ಪೋಷಕರನ್ನೂ ಕರೆಯಿರಿ. ಶಿಫ್ಟಿಗೆ ಹೋಗುವವರೂ ಬರುವಂಥ ಸಮಯ ಇಡಿ. ನೋಡಿದ ಮೇಲೆ ಭಾಷಣ ಬೇಡ, ಅರ್ಧ ಗಂಟೆ ಮಾತು ಸಾಕು. ಪ್ರತಿ ತರಗತಿಗೆ ಒಬ್ಬರು ಉಪನ್ಯಾಸಕರ ಹೆಸರು ಗೊತ್ತಿರಲಿ. ಅವರ ಬಳಿ ಏನು ಹೇಳಿದರೂ ಅವರ ಮೊದಲ ಮಾತು ‘ಏಕೆ ಮಾಡಿದೆ’ ಎಂದಾಗಿರದೆ ‘ಕೂತ್ಕೋ, ನೀರು ಕುಡಿ’ ಎಂದಾಗಿರುತ್ತದೆ ಎನ್ನುವ ನಂಬಿಕೆ ನಮಗಿರಲಿ. ಗೆಳೆಯ ಗೆಳತಿಯರಲ್ಲಿ ಕೇಳಿಕೊಳ್ಳುವುದು ಇನ್ನೂ ಚಿಕ್ಕದು. ಯಾರದೋ ಫೋಟೊ, ಯಾರದೋ ವಿಡಿಯೊ ನಿಮ್ಮ ಫೋನಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ನೋಡಬೇಡಿ, ಇಟ್ಟುಕೊಳ್ಳಬೇಡಿ, ಮುಂದೆ ಕಳಿಸಬೇಡಿ, ದೊಡ್ಡವರೊಬ್ಬರಿಗೆ ಹೇಳಿ. ಸಾವಿರ ಜನರಿಗೆ ತಲುಪುವ ಪ್ರತಿಯೊಂದು ವಿಡಿಯೊಗೂ ಹತ್ತನೆಯವರು, ಇಪ್ಪತ್ತನೆಯವರು ಎಂದು ಯಾರೋ ಒಬ್ಬರಿರುತ್ತಾರೆ. ಆ ಒಬ್ಬರು ನೀವಾಗಿದ್ದರೆ ಅದು ಅಲ್ಲಿಂದ ಮುಂದೆ ಹೋಗದಿರಲಿ.